ಅಜ್ಜಿಯ ಕೊನೆಯ ಮಾತು ‘ಚಾಲು’

ಕೊಡಿಗೇನಹಳ್ಳಿ
3 ಫೆಬ್ರುವರಿ 2025

ಶ್ರೀಮತ್ ಸಕಲ ಕಾಗುಣಿತ ಸಾಮ್ರಾಜ್ಯ ಸಾರ್ವಭೌಮೆ, ಮಗ್ಗಿಮರ್ದಿನಿ, ಮಧುಗಿರಿ ಶಿರಾ ಕೊರಟಗೆರೆ ಪಾವಗಡಗಳೆಂಬ ನಾಲ್ಕು ತಾಲ್ಲೂಕುಗಳ ಸಮಸ್ತ ತುಂಟರ ಕಿವಿಗಳಿಗೆ ಏಕೈಕ ವಾರಸುದಾರಿಣಿ, ರಾಯಚರ್ಲು ಪುರವಾಸಿನಿ, ಮೇಷ್ಟ್ರಮ್ಮ ಎಂಬ ಬಿರುದಾಂಕಿತೆ, ನನ್ನ ಏಕಮಾತ್ರ ಸೋದರತ್ತೆ ಲೋಹಿತಾ ಅವರ ದಿವ್ಯ ಸನ್ನಿಧಾನಕ್ಕೆ, ಕೀರ್ತಿಶೇಷ ನಾಗಲಿಂಗಯ್ಯನವರ ಮೊಮ್ಮಗಳೂ ಕುಮಾರಸ್ವಾಮಿಯವರ ಮಗಳೂ ಬಿ.ಕಾಂ. ಎರಡನೇ ವರ್ಷದಲ್ಲಿ ಒಂದು ವಿಷಯ ಉಳಿಸಿಕೊಂಡವಳೂ ಆದ ಯಶಸ್ವಿನಿ ಮಾಡುವ ಸಾಷ್ಠಾಂಗ ನಮಸ್ಕಾರಗಳು.

ಅತ್ತೆ, ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ನೀವು ನನ್ನ ಫೋನ್ ಎತ್ತುವುದಿಲ್ಲ. ತಪ್ಪು ನಿಮ್ಮದಲ್ಲ. ಹೋದ ವರ್ಷ ಪಂಚಾಯಿತಿಯವರ ದನಿ ಮಾಡಿಕೊಂಡು, ನಿಮ್ಮ ತಾರಸಿಯ ಮೇಲೆ ಹೆಲಿಕಾಪ್ಟರ್ ಇಳಿಯುತ್ತದೆ, ಒಣಗಲು ಹಾಕಿದ ಸಂಡಿಗೆ ತೆಗೆಯಿರಿ ಅಂದವಳು ನಾನೇ. ನೀವು ತೆಗೆದಿರಂತೆ. ಮಾವ ಅಪ್ಪಿತಪ್ಪಿ ಯಾರಿಗೋ ಹೇಳಿ ನಕ್ಕಿದ್ದು ನಮ್ಮೂರಿನವರೆಗೂ ಬಂದಿದೆ.

ಅಜ್ಜಿಯ ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿಯಿತು. ಕೊಡಿಗೇನಹಳ್ಳಿಯಲ್ಲಿ ಇಷ್ಟು ಜನ ಒಟ್ಟಿಗೆ ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ. ಅಜ್ಜಿ ಇಲ್ಲ ಅನ್ನುವುದನ್ನು ಯಾರೂ ನಂಬಿದ ಹಾಗಿರಲಿಲ್ಲ. ಸಾರು ಬಡಿಸುವವನು ಎರಡು ಸಲ ಹಿಂದಕ್ಕೆ ತಿರುಗಿ ನೋಡಿದ, ‘ಏಯ್, ಬಗ್ಗಿ ಬಡಸ್ಲಾ’ ಅಂತ ಬೈಯುವವರು ಇದ್ದಾರೇನೋ ಅಂತ. ಎಂಬತ್ತೆಂಟು ವರ್ಷ ಒಂದು ಕಡೆ ಕೂರದವಳನ್ನು ಮಣ್ಣಿನ ದಿನ ವಿಭೂತಿ ಹಚ್ಚಿ, ಹಾರ ಹಾಕಿ, ಕಂಬಕ್ಕೆ ಒರಗಿಸಿ ಕೂರಿಸಿದ್ದರಲ್ಲ, ಅದನ್ನು ನೋಡಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ. ಇವಳು ಇಷ್ಟು ಹೊತ್ತು ಸುಮ್ಮನೆ ಹೇಗೆ ಕೂತಳು ಅನ್ನುವ ದಿಗಿಲು.

ಇನ್ನೊಂದು ದಿಗಿಲಿನ ಸಂಗತಿ. ಅಪ್ಪ ಮಿಲ್ಲಿನ ಬೀಗ ತೆಗೆದಿದ್ದಾನೆ. ಹೌದು, ಅದೇ ರಾಗಿ ಮಿಲ್ಲು, ತಾತ ಹೋದ ಮೇಲೆ ಅಜ್ಜಿ ಒಬ್ಬಳೇ ನಡೆಸಿದ್ದು, ಒಂಬತ್ತು ವರ್ಷದಿಂದ ಜೇಡಗಳ ಸ್ವಾಧೀನದಲ್ಲಿದ್ದದ್ದು. ಯಾಕೆಂದರೆ ಅಜ್ಜಿಯ ಕೊನೆಯ ಮಾತು ಅದು. ನೀವೂ ಇದ್ದಿರಿ. ಜನವರಿ ಹತ್ತೊಂಬತ್ತರ ಮಧ್ಯಾಹ್ನ, ಒಂಬತ್ತು ವರ್ಷದ ಮೇಲೆ ನೀವು ಹೊಸಿಲು ದಾಟಿ ಬಂದು ಹಜಾರದ ಮಂಚದ ಪಕ್ಕ ಕೂತಿರಿ. ಅಜ್ಜಿ ನಿಮ್ಮ ಕೈ ಹಿಡಿದುಕೊಂಡು ‘ಚಾಲು’ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ‘ಚಾಲು’ ಅಂದಳು. ಅಪ್ಪ ಗೋಡೆಗೆ ಒರಗಿ ನಿಂತಿದ್ದವನು, ‘ಕೇಳುಸ್ಕಂಡ್ರೇನ್ರಪ್ಪಾ, ಮಿಷಿನ್ ಚಾಲು ಮಾಡು ಅಂತಾವ್ಳೆ ನಮ್ಮವ್ವ’ ಅಂತ ಹೆಗಲ ಟವಲಿನಲ್ಲಿ ಮುಖ ಮುಚ್ಚಿಕೊಂಡ. ನೀವು ಕೈ ಬಿಡಿಸಿಕೊಂಡು ಎದ್ದು ನೇರ ಬಸ್ಸಿಗೆ ಹೋದಿರಿ. ಕಾಫಿ ಲೋಟ ಹಾಗೇ ಇತ್ತು. ಮರುದಿನ ಬೆಳಿಗ್ಗೆ ಅಜ್ಜಿ ಹೋದಳು. ಮಣ್ಣಿನ ಹೊತ್ತಿಗೆ ನೀವು ಬಂದು ರಸ್ತೆಯಲ್ಲೇ ನಿಂತು ಹೋದಿರೆಂದು ಜನ ಹೇಳಿದರು.

ಅಜ್ಜಿಯ ನೆನಪಿಗೆ ಒಂದು ಪುಸ್ತಕ ಅಚ್ಚು ಹಾಕಿಸಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಹೆಸರು ‘ಚಾಲು’. ಸಂಪಾದಕಿ ನಾನು. ಮನೆಯಲ್ಲಿ ಬೇರೆ ಯಾರಿಗೂ ಬಿಡುವಿಲ್ಲ ಅನ್ನುವುದೊಂದೇ ನನ್ನ ಅರ್ಹತೆ. ನೀವು ಎರಡು ಪುಟ ಬರೆದುಕೊಡಬೇಕು. ಮತ್ತೆ, ಆವತ್ತು ಯಾಕೆ ಹಾಗೆ ಎದ್ದು ಹೋದಿರಿ ಅನ್ನುವುದನ್ನೂ ತಿಳಿಸಬೇಕು. ಇದು ಪುಸ್ತಕಕ್ಕಲ್ಲ, ನನಗೆ.

ಚರಣಧೂಳಿ,
ಯಶಸ್ವಿನಿ


ರಾಯಚರ್ಲು
16 ಫೆಬ್ರುವರಿ 2025

ಯಶು,

ನಿನ್ನ ಕಾಗದದಲ್ಲಿ ಹನ್ನೊಂದು ತಪ್ಪುಗಳಿದ್ದವು. ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆ ವಾಪಸು ಇಟ್ಟಿದ್ದೇನೆ. ‘ಸಾಷ್ಟಾಂಗ’ದಲ್ಲಿ ಷಕಾರದ ಕೆಳಗೆ ಟಕಾರ ಬರುತ್ತದೆ, ಠಕಾರವಲ್ಲ. ಸಂಡಿಗೆಯ ವಿಷಯ ನಿನ್ನ ಮಾವನ ಹತ್ತಿರ ಪ್ರತ್ಯೇಕವಾಗಿ ಮಾತಾಡಿದ್ದೇನೆ.

ನಾನು ಬರೆಯುವುದಿಲ್ಲ. ಕಾರಣ ಹೇಳುತ್ತೇನೆ, ನಿನ್ನೊಳಗೇ ಇಟ್ಟುಕೊ.

ಅಮ್ಮ ಕನ್ನಡದವಳಲ್ಲ. ನೀನು ಈಗ ಓದುವುದನ್ನು ನಿಲ್ಲಿಸಿ ಮತ್ತೆ ಓದುತ್ತೀಯ, ಗೊತ್ತು. ವೈ.ಎನ್. ಹೊಸಕೋಟೆಯಿಂದ ಆಚೆ, ಆಂಧ್ರದ ಗಡಿಯಲ್ಲಿ ಅವಳ ತವರು. ಮನೆಯಲ್ಲಿ ಆಡುತ್ತಿದ್ದದ್ದು ತೆಲುಗು. ಹದಿನಾರಕ್ಕೆ ಮದುವೆಯಾಗಿ ಕೊಡಿಗೇನಹಳ್ಳಿಗೆ ಬಂದಳು. ಬಂದ ತಿಂಗಳಲ್ಲೇ ಒಂದು ಎತ್ತು ಹಗ್ಗ ಕಿತ್ತುಕೊಂಡು ಓಡಿತಂತೆ. ಇವಳು ಅಂಗಳಕ್ಕೆ ಓಡಿ ಬಂದು ‘ಎದ್ದು ಪೋಯಿಂದಿ, ಎದ್ದು ಪೋಯಿಂದಿ’ ಎಂದು ಕೂಗಿದಳು. ತೆಲುಗಿನಲ್ಲಿ ಎದ್ದು ಎಂದರೆ ಎತ್ತು. ಅತ್ತೆ ಮನೆಯವರು ‘ಯಾರು ಎದ್ದು ಹೋದ್ರು ಕಣಮ್ಮಿ’ ಎಂದು ಕೇಳುತ್ತ ನಿಂತರು. ಅಷ್ಟರಲ್ಲಿ ಎತ್ತು ಪಕ್ಕದವರ ಕಡಲೆಕಾಯಿ ಹೊಲ ಮೇಯ್ದು ಮುಗಿಸಿತ್ತು. ಆಮೇಲೆ ಒಂದು ವರ್ಷ ಬಾವಿಕಟ್ಟೆಯ ಹೆಂಗಸರೆಲ್ಲ ಅವಳನ್ನು ‘ಎದ್ದು’ ಎಂದೇ ಕರೆದರು. ಆವತ್ತು ಬಾಯಿ ಮುಚ್ಚಿದವಳು, ಮತ್ತೆ ಬಾಯಿ ಬಿಟ್ಟಾಗ ನಿಮ್ಮೆಲ್ಲರಿಗಿಂತ ಜೋರಾದ ಕನ್ನಡ ಆಡಿದಳು.

ತೆಲುಗು ಆಡುತ್ತಿದ್ದದ್ದು ನನ್ನ ಹತ್ತಿರ ಮಾತ್ರ, ಅದೂ ಮಿಲ್ಲಿನೊಳಗೆ, ಮಿಷಿನ್ ಓಡುವಾಗ. ಆ ಸದ್ದಿನಲ್ಲಿ ಹೊರಗಿನವರಿಗೆ ಏನೂ ಕೇಳುವುದಿಲ್ಲ. ನನಗೆ ಮೂರು ವರ್ಷವಿದ್ದಾಗ ಅಪ್ಪ ಹೋದರು. ಅಲ್ಲಿಂದ ನಾನು ಬೆಳೆದದ್ದೇ ರಾಗಿ ಮೂಟೆಗಳ ಮೇಲೆ. ಅಣ್ಣ ಸ್ಕೂಲಿನಲ್ಲಿರುತ್ತಿದ್ದ. ಅವನಿಗೆ ಇದು ಗೊತ್ತೇ ಇಲ್ಲ.

‘ಚಾಲು’ ಎಂದರೆ ತೆಲುಗಿನಲ್ಲಿ ಸಾಕು ಎಂದು.

ಅಣ್ಣನ ಜೊತೆ ಅವಳು ಆಡುತ್ತಿದ್ದ ಚಾಲು ಕನ್ನಡದ್ದು, ಶುರು ಮಾಡು ಎಂದು. ನನ್ನ ಜೊತೆ ಆಡುತ್ತಿದ್ದ ಚಾಲು ತೆಲುಗಿನದು. ಮಿಷಿನ್ನಿನ ಬಾಯಿಗೆ ಕಾಳು ಸುರಿಯುತ್ತಿದ್ದರೆ ಚಾಲು. ಹಟ ಮಾಡಿದರೆ, ಎದುರು ಮಾತಾಡಿದರೆ ಚಾಲು. ಆವತ್ತು ಅವಳು ಹಿಡಿದದ್ದು ನನ್ನ ಕೈ, ನಿನ್ನ ಅಪ್ಪನದಲ್ಲ.

ನಲವತ್ತೊಂದನೆಯ ವಯಸ್ಸಿನಲ್ಲಿ, ನನ್ನ ಜೊತೆ ಪಾಠ ಮಾಡುವ ಪ್ರಸನ್ನಕುಮಾರ್ ಅವರನ್ನು ಮದುವೆಯಾದೆ. ನಮ್ಮ ಜಾತಿಯವರಲ್ಲ. ಅಣ್ಣ ಬರಲಿಲ್ಲ, ಅದು ನನಗೆ ಗೊತ್ತಿದ್ದದ್ದೇ. ನಾಲ್ಕು ತಾಲ್ಲೂಕಿನಲ್ಲಿ ಯಾರ ಮನೆಯ ಮದುವೆಯನ್ನೂ ತಪ್ಪಿಸದ ಅಮ್ಮ ನನ್ನದಕ್ಕೆ ಬರಲಿಲ್ಲ. ಒಂಬತ್ತು ವರ್ಷ ಕಾದು, ಕೊನೆಗೆ ನಾನೇ ಹೋದೆ. ಕೈ ಹಿಡಿದು ‘ಸಾಕು’ ಅಂದಳು, ಎರಡು ಸಲ. ಕಾಫಿ ಹೇಗೆ ಕುಡಿಯಲಿ.

ಅಣ್ಣನಿಗೆ ಹೇಳಬೇಡ. ಅವನು ಮಿಲ್ಲು ಶುರು ಮಾಡಿದ್ದು ಒಳ್ಳೆಯದಾಯಿತು, ನಡೆಸಿಕೊಂಡು ಹೋಗಲಿ.

ನಿನ್ನ ಅತ್ತೆ,
ಲೋಹಿತಾ


ಕೊಡಿಗೇನಹಳ್ಳಿ
5 ಮಾರ್ಚ್ 2025

ಪೂಜ್ಯ ಅತ್ತೆಯವರಿಗೆ,

ಬಿರುದುಗಳನ್ನು ಈ ಸಲ ಬರೆಯಲಾಗಲಿಲ್ಲ. ಇದು ನಾಟಕವಲ್ಲ.

ಹತ್ತೊಂಬತ್ತು ವರ್ಷ ಅಜ್ಜಿಯ ಪಕ್ಕದಲ್ಲಿ ಮಲಗಿದವಳು ನಾನು. ಅವಳ ಗೊರಕೆಯ ನಾಲ್ಕು ವಿಧಗಳನ್ನು ಹೆಸರಿಟ್ಟು ಹೇಳಬಲ್ಲೆ. ಅವಳೊಳಗೆ ಒಂದು ಇಡೀ ಭಾಷೆ ಕೂತಿತ್ತು ಅನ್ನುವುದು ನನಗೆ ಗೊತ್ತಾಗಲಿಲ್ಲ. ನಿಮ್ಮ ಕಾಗದ ಓದಿ ಮನೆಯಲ್ಲಿ ಅವಳ ಫೋಟೊ ಮುಂದೆ ನಿಂತೆ. ಬೇರೆ ಯಾರದೋ ಫೋಟೊ ತಂದು ಹಾಕಿದ್ದಾರೆ ಅನ್ನಿಸಿತು.

ನಂಬಲಾಗದೆ ವಿಚಾರಣೆಗೆ ಹೊರಟೆ. ಮಿಲ್ಲಿನಲ್ಲಿ ಮೂಟೆ ಎತ್ತುತ್ತಿದ್ದ ಸಣ್ಣರಂಗಯ್ಯನನ್ನು ಕೇಳಿದೆ. ‘ಮಿಷಿನ್ ಸದ್ನಾಗೆ ನಂಗೇನ್ ಕೇಳುಸ್ತದೆ ಕಣಮ್ಮ. ಆದ್ರೆ ಲೋಹಿತಮ್ಮನ ಜೊತೆ ಮಾತಾಡುವಾಗ ನಿಮ್ಮಜ್ಜಿ ತುಟಿ ಬ್ಯಾರೆ ತರ ಆಡೋವು. ನಂಗೇ ಬೈತಾವ್ರೆ ಅನ್ಕಂಡು ಬಿರ್‍ಬಿರ್‍ನೆ ಕೆಲಸ ಮಾಡ್ತಿದ್ದೆ’ ಅಂದ. ಆಮೇಲೆ ಹಿಂದೂಪುರದ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ರುದ್ರಯ್ಯನವರ ಮನೆಗೆ ಹೋದೆ. ಅವರು ನಕ್ಕುಬಿಟ್ಟರು. ‘ಲೇ, ಗಡಿ ದಾಟೋವರ್ಗೂ ನಿಮ್ಮಜ್ಜಿ ಕನ್ನಡದಾಗೆ ಬಯ್ಯೋಳು, ದಾಟುದ್ ಮ್ಯಾಕೆ ತೆಲುಗ್ನಾಗೆ. ಸೀಟಿಗೆ ಜಗಳಾಡಾಕೆ ಆವಮ್ಮಂಗೆ ಎಲ್ಡು ರಾಜ್ಯನೂ ಒಂದೇಯ’ ಅಂದರು. ಊರಿನ ಕಂಡಕ್ಟರಿಗೆ ಗೊತ್ತು, ಮಗನಿಗೆ ಗೊತ್ತಿಲ್ಲ.

ಪುಸ್ತಕಕ್ಕೆಂದು ನಾನು ಬರೆದಿಟ್ಟದ್ದನ್ನೆಲ್ಲ ಮತ್ತೆ ಓದಿದೆ. ಮಿಲ್ಲಿನ ಕಲ್ಲು ಸವೆದರೆ ಉಳಿ ಹಿಡಿದು ತಾನೇ ಕಟೆಯುತ್ತಿದ್ದದ್ದು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮದುವೆ ದಿಬ್ಬಣದ ಹುಡುಗರ ಜೊತೆ ಪಂಥ ಕಟ್ಟಿ ಮಧುಗಿರಿ ಬೆಟ್ಟ ಹತ್ತಿ, ಇಳಿಯುವಾಗ ಮದುಮಗನ ಅಣ್ಣನನ್ನು ಕೈ ಹಿಡಿದು ಇಳಿಸಿದ್ದು. ಶಿರಾದ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ‘ಜಲ್ದಿ’ ಎಂಬ ಒಂದೇ ಪದದ ಉರ್ದುವಿನಲ್ಲಿ ಮೂರು ಗಂಟೆ ವಾದ ಮಾಡಿದ್ದು. ಅಪ್ಪನಿಗೆ ಹೆಣ್ಣು ನೋಡಲು ಕೊರಟಗೆರೆಗೆ ಹೋಗಿ, ಅವರ ಮನೆಯ ರಾಗಿ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ, ‘ನಿಮ್ಮೂರ ಮಿಷಿನ್ ಕಲ್ಲು ಸವುದವೆ’ ಅಂದು, ಹೆಣ್ಣನ್ನು ಕೂರಿಸಿ ಬಿಟ್ಟು ಆ ಮಿಲ್ಲಿಗೆ ಹೋಗಿ ಕಲ್ಲು ಕಟೆದು ಸಂಜೆ ಬಂದದ್ದು. ಆ ಹೆಣ್ಣು ನನ್ನ ಅಮ್ಮ. ಅಷ್ಟು ಹೊತ್ತೂ ತಲೆ ಬಗ್ಗಿಸಿಯೇ ಕೂತಿದ್ದಳಂತೆ. ಇಷ್ಟು ಕಡೆ ಓಡಾಡಿದವಳು ತನ್ನ ತವರಿನ ಕಡೆ ಮಾತ್ರ ಹೆಚ್ಚು ಹೋಗಲಿಲ್ಲ ಅನ್ನುವುದು ನನ್ನ ಬರಹದಲ್ಲಿ ಎಲ್ಲೂ ಇಲ್ಲ.

ಈಗ ನಿಜವಾದ ಕೆಟ್ಟ ಸುದ್ದಿ. ನಿಮ್ಮ ಕಾಗದವನ್ನು ಪೋಸ್ಟ್‌ಮ್ಯಾನ್ ಮಿಲ್ಲಿನಲ್ಲಿ ಕೊಟ್ಟಿದ್ದ. ನಿಮ್ಮ ಅಕ್ಷರ ಗುರುತಿಸಿ ಅಪ್ಪನೇ ಒಡೆದ. ನನಗೆ ಸಿಕ್ಕಾಗ ಅದರ ಮೇಲೆ ಹಿಟ್ಟಿನ ಬೆರಳ ಗುರುತಿತ್ತು.

ಆವತ್ತು ಆಮೇಲೆ ಮಿಲ್ಲು ಓಡಲಿಲ್ಲ. ಅಪ್ಪ ಮೈಯೆಲ್ಲ ಬಿಳಿಯಾಗಿ ಮೆಟ್ಟಿಲ ಮೇಲೆ ಕೂತಿದ್ದ. ರಾಗಿ ತಂದ ಹೆಂಗಸರು ಮೂಟೆ ಇಟ್ಟುಕೊಂಡು ಕಾದರು, ಆಮೇಲೆ ಎತ್ತಿಕೊಂಡು ಹೋದರು. ಸಂಜೆ ನನ್ನನ್ನು ಕರೆದು ಒಂದೇ ಮಾತು ಕೇಳಿದ. ‘ಅವ್ವ ಸಾಕು ಅಂದಿದ್ದು ಅವ್ಳಿಗಾ, ನಂಗಾ ಮಗ?’

ಕಾಫಿ ತರುತ್ತೇನೆ ಅಂತ ನಾನು ಒಳಗೆ ಹೋಗಿಬಿಟ್ಟೆ.

ಯಶಸ್ವಿನಿ


ಕೊಡಿಗೇನಹಳ್ಳಿ
21 ಮಾರ್ಚ್ 2025

ಚಿ. ಸೌ. ಲೋಹಿತಾಳಿಗೆ ಅಣ್ಣ ಕುಮಾರಸ್ವಾಮಿಯ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನೀವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಬೇರೆಯವರ ಕಾಗದ ಒಡೆದದ್ದು ತಪ್ಪು.

ನಿನ್ನ ಮದುವೆಯ ದಿನ ಅಮ್ಮ ಬೆಳಿಗ್ಗೆ ಆರಕ್ಕೇ ರೇಷ್ಮೆ ಸೀರೆ ಉಟ್ಟು, ಹೂವು ಹಣ್ಣು ಚೀಲಕ್ಕೆ ಹಾಕಿಕೊಂಡು ಹೊರಟಿದ್ದಳು. ತಡೆದವನು ನಾನು. ಅವಳು ಹೊಸಿಲು ದಾಟಿದರೆ ಮಿಲ್ಲಿಗೆ ಬೀಗ ಹಾಕುತ್ತೇನೆ, ಮತ್ತೆ ಚಾಲು ಮಾಡುವುದಿಲ್ಲ ಅಂದೆ. ಮೂವತ್ತೆಂಟು ವರ್ಷ ನಮ್ಮಿಬ್ಬರನ್ನು ಸಾಕಿದ ಮಿಲ್ಲು. ಅವಳು ಚೀಲ ಇಟ್ಟು ಒಳಗೆ ಹೋದಳು. ಮಾರನೆಯ ದಿನ ತಾನೇ ಬೀಗ ಹಾಕಿ ಕೀಲಿ ನನ್ನ ಕೈಗೆ ಕೊಟ್ಟು, ‘ತಗಾ, ನೀನೇ ಮಡಿಕ್ಕಾ’ ಅಂದಳು. ಮಂಡಿ ನೋವಿಗೆ ಮಿಲ್ಲು ನಿಲ್ಲಿಸಿದಳು ಎಂದು ಊರಿಗೆ ಹೇಳಿದ್ದು ನಾನು. ಒಂಬತ್ತು ವರ್ಷ ಆ ಕೀಲಿ ನನ್ನ ಉಡಿದಾರದಲ್ಲಿತ್ತು.

ಚಾಲು ಅಂದಾಗ, ಕ್ಷಮಿಸಿದಳು ಅಂದುಕೊಂಡೆ. ಅದಕ್ಕೇ ಓಡಿ ಹೋಗಿ ಬೀಗ ತೆಗೆದೆ.

ಅವಳು ಬರದೆ ಇದ್ದದ್ದಲ್ಲ. ಅದನ್ನು ನೀನು ತಿಳಿಯಬೇಕು. ಸಾಕು ಅಂದಿದ್ದರೆ ನನಗೇ ಅಂದಿರಬೇಕು.

ಭಾವನವರಿಗೆ ನಮಸ್ಕಾರ ತಿಳಿಸು.

ಇಂತಿ,
ಕುಮಾರಸ್ವಾಮಿ


ರಾಯಚರ್ಲು
13 ಏಪ್ರಿಲ್ 2025

ಅಣ್ಣನಿಗೂ ಯಶುವಿಗೂ,

ಇಬ್ಬರೂ ಒಟ್ಟಿಗೆ ಕೂತು ಓದಿಕೊಳ್ಳಿ, ಯಾರೂ ಕದ್ದು ಒಡೆಯುವುದು ಬೇಡ.

ಅಣ್ಣ, ನಿನ್ನ ಕಾಗದವನ್ನು ಶಾಲೆಯಲ್ಲಿ ಓದಿದೆ. ಪರೀಕ್ಷೆ ನಡೆಯುತ್ತಿತ್ತು. ಮಕ್ಕಳು ತಲೆ ಎತ್ತಿ ನೋಡಿದರು, ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಹೊರಗೆ ಬಿಸಿಲಿಗೆ ಸೋಲಾರ್ ಪಾರ್ಕಿನ ಹಲಗೆಗಳು ಕಣ್ಣು ಕುಕ್ಕುತ್ತಿದ್ದವು. ಕಣ್ಣಲ್ಲಿ ನೀರು ಬರುವುದಕ್ಕೆ ಅಷ್ಟು ನೆಪ ಸಾಕಾಯಿತು. ಒಂಬತ್ತು ವರ್ಷ ನಾನು ಬೈದದ್ದು ಸೀರೆ ಉಟ್ಟು ನಿಂತವಳನ್ನು. ನಿನ್ನ ಮೇಲೆ ಸಿಟ್ಟು ಬರಲಿ ಎಂದು ಎರಡು ವಾರ ಕಾದೆ. ಬಂತು, ಹೋಯಿತು.

ಇವರಿಗೂ ಓದಲು ಕೊಟ್ಟೆ. ಇವರು ಮನೆಯಲ್ಲಿ ತೆಲುಗು ಆಡಿ ಬೆಳೆದವರು. ಓದಿ ಮುಗಿಸಿ, ‘ಅದೇನು ಲೋಹಿತಾ, ಚಾಲು ಅಂದರೆ ಬೈಗುಳ ಅಂತಲೇ ಯಾಕೆ ಹಿಡಿದುಕೊಂಡೆ’ ಅಂದರು. ಹೊಟ್ಟೆ ತುಂಬಿದಾಗಲೂ ಚಾಲು ಅನ್ನುತ್ತೇವೆ. ಬೇಕಾದದ್ದು ಸಿಕ್ಕಿತು, ಇನ್ನೇನೂ ಬೇಡ ಅನ್ನುವಾಗಲೂ ಅದನ್ನೇ ಅನ್ನುತ್ತೇವೆ ಅಂದರು. ‘ಮಗಳು ಬಂದಳು, ಇಷ್ಟು ಸಾಕು ನನಗೆ ಅಂದಿದ್ದಾರೆ ನಿಮ್ಮಮ್ಮ. ನೀನು ಎದ್ದು ಬಂದುಬಿಟ್ಟೆ.’

ಆ ಮಾತು ಕೇಳಿದ ಮೇಲೆ ನಾನು ಊಟ ಮಾಡಿದೆ. ಅಣ್ಣ, ನಿನಗೂ ಅದನ್ನೇ ಅಂದಿರಬೇಕು. ಇಬ್ಬರು ಮಕ್ಕಳೂ ಒಂದೇ ಕೋಣೆಯಲ್ಲಿದ್ದೆವಲ್ಲ. ಎರಡು ಸಲ ಅಂದದ್ದು ಅದಕ್ಕೇ.

ಮೇ ಮೊದಲ ವಾರ ಇಬ್ಬರೂ ಬರುತ್ತೇವೆ. ಪುಸ್ತಕಕ್ಕೆ ಎರಡು ಪುಟವಲ್ಲ, ಹನ್ನೆರಡು ಪುಟ ಬರೆದಿದ್ದೇನೆ. ಸಂಪಾದಕಿ ಅದರಲ್ಲಿ ಒಂದು ಅಕ್ಷರ ಮುಟ್ಟಿದರೂ ಕಿವಿ ಉಳಿಯುವುದಿಲ್ಲ.

ಲೋಹಿತಾ


ಕೊಡಿಗೇನಹಳ್ಳಿ
6 ಜೂನ್ 2025

ಪ್ರೀತಿಯ ಅತ್ತೆ,

ನೀವಿಬ್ಬರೂ ಬಂದು ಹೋಗಿ ಒಂದು ತಿಂಗಳಾಯಿತು. ಅಮ್ಮ ಇನ್ನೂ ನೀವು ಮಾಡಿದ ಒಬ್ಬಟ್ಟಿನ ಸುದ್ದಿಯನ್ನೇ ಆಡುತ್ತಾಳೆ. ನೀವೂ ಅಪ್ಪನೂ ಮಿಲ್ಲಿನೊಳಗೆ ಹೋಗಿ, ಮಿಷಿನ್ ಹಾಕಿ, ಬಾಗಿಲು ಮುಂದಕ್ಕೆ ಮಾಡಿಕೊಂಡಿರಿ. ಹೊರಗೆ ನಿಂತ ನಮಗೆ ಏನೂ ಕೇಳಲಿಲ್ಲ. ಕಾಳು ಹಾಕದೆ ಸುಮ್ಮನೆ ಓಡಿಸಿದರೆ ಕಲ್ಲು ಹಾಳಾಗುತ್ತದೆ ಅಂತ ಸಣ್ಣರಂಗಯ್ಯ ಒದ್ದಾಡಿದ. ಅರ್ಧ ಗಂಟೆ ಬಿಟ್ಟು ಬಂದಾಗ ಇಬ್ಬರ ಮುಖವೂ ಬಿಳಿ, ಕಣ್ಣ ಕೆಳಗೆ ಮಾತ್ರ ಎರಡೆರಡು ಗೆರೆ. ಆವತ್ತಿನಿಂದ ಅಪ್ಪ ದಿನಕ್ಕೊಂದು ತೆಲುಗು ಪದ ಕಲಿಯುತ್ತಿದ್ದಾನೆ. ನಿನ್ನೆ ನನ್ನನ್ನು ‘ಎದ್ದು’ ಅಂದ. ಅದನ್ನು ಯಾಕೆ ಮೊದಲು ಕಲಿಸಿದಿರಿ ಅನ್ನುವುದು ನನಗೆ ಅರ್ಥವಾಗಿದೆ.

ಪುಸ್ತಕ ಬಂತು. ಮುನ್ನೂರು ಪ್ರತಿ. ಮೇಲೆ ‘ಚಾಲು’ ಅಂತ ಎರಡೂ ಲಿಪಿಯಲ್ಲಿ. ಬಿಡುಗಡೆಯ ದಿನ ಸ್ವಾಮಿಗಳು ಆ ಒಂದು ಪದದ ಮೇಲೆ ನಲವತ್ತು ನಿಮಿಷ ಆಶೀರ್ವಚನ ನೀಡಿದರು. ಒಂದು ಭಾಷೆಯಲ್ಲಿ ಆರಂಭ, ಇನ್ನೊಂದರಲ್ಲಿ ತೃಪ್ತಿ, ಎರಡೂ ಸೇರುವ ಕಡೆ ಶಿವ ಅಂದರು. ಜನ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಕಾರಣ ಬೇರೆ.

ಈಗ ಅಜ್ಜಿಯ ಸಮಾಧಿಯ ಗದ್ದಿಗೆ ಕಲ್ಲಿನ ಮೇಲೂ ಅದೇ ಪದ ಕೆತ್ತಿಸಬೇಕು ಅಂತ ನೀವು ಅಪ್ಪನಿಗೆ ಹೇಳಿದ್ದೀರಿ. ಕೆತ್ತುವವರು ತಿಂಗಳ ಕೊನೆಗೆ ಬರುತ್ತಾರೆ. ಪುಸ್ತಕವಾದರೆ ಗೆದ್ದಲು ತಿನ್ನುತ್ತದೆ. ಕಲ್ಲಿನ ಮಾತು ಬೇರೆ. ಅದಕ್ಕೆ ಈ ಕಾಗದ. ಇದನ್ನು ನೀವು ಒಬ್ಬರೇ ಓದಬೇಕು. ಕೆತ್ತಿಸುವುದೋ ಬಿಡುವುದೋ ಓದಿದ ಮೇಲೆ ನೀವೇ ಹೇಳಿ, ಅಪ್ಪನಿಗೆ ಏನು ಹೇಳಬೇಕು ಅನ್ನುವುದನ್ನೂ.

ನವೆಂಬರಿನಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳಲ್ಲ, ಮಂಚವನ್ನು ಹಜಾರಕ್ಕೆ ತಂದದ್ದು ಅವಳಿಗೆ ಟೀವಿ ಕಾಣಲಿ ಅಂತ. ಅವಳಿಗೆ ರಿಮೋಟಿನ ಗುಂಡಿಗಳು ಕಾಣುತ್ತಿರಲಿಲ್ಲ. ನಾನು ಗಂಭೀರವಾಗಿ, ‘ಅಜ್ಜಿ, ಇದು ಹೊಸಾ ಟೀವಿ, ಮಾತು ಕೇಳ್ತದೆ. ಚಾಲು ಅಂದ್ರೆ ಹತ್ಕಂತದೆ, ಬಂದ್ ಅಂದ್ರೆ ಆರೋಗ್ತದೆ’ ಅಂದೆ. ಅವಳು ಚಾಲು ಅಂದಳು. ನಾನು ಹೊದಿಕೆಯ ಅಡಿಯಲ್ಲಿ ರಿಮೋಟ್ ಒತ್ತಿದೆ. ಅವಳ ಮುಖ ನೀವು ನೋಡಬೇಕಿತ್ತು. ಎರಡು ತಿಂಗಳು ಹಾಗೇ ನಡೆಯಿತು. ಅಕ್ಕಪಕ್ಕದ ಹೆಂಗಸರನ್ನು ಕರೆಸಿ ತೋರಿಸುತ್ತಿದ್ದಳು. ಅಪ್ಪ ಮನೆಗೆ ಬರುವ ಹೊತ್ತಿಗೆ ಮಾತ್ರ ಬಂದ್ ಅಂದಾಗಿರುತ್ತಿತ್ತು. ನಾನು ಕಾಲೇಜಿಗೆ ಹೋದ ದಿನ ಹತ್ತದೆ ಹೋದರೆ, ‘ಇದ್ಕೂ ಕಿವಿ ಮಂದ ಆಯ್ತು’ ಅಂತ ಟೀವಿಯನ್ನೇ ಬೈಯುತ್ತಿದ್ದಳಂತೆ. ದಿನಾ ಮಧ್ಯಾಹ್ನ ಮೂರಕ್ಕೆ ಒಂದು ಅಡುಗೆಯ ಕಾರ್ಯಕ್ರಮ ಬರುತ್ತಿತ್ತು. ಅಡುಗೆ ಮಾಡುವವಳನ್ನು ಬೈಯುವುದಕ್ಕೇ ಅದನ್ನು ನೋಡುತ್ತಿದ್ದಳು, ಯಾರಾದರೂ ಪಕ್ಕದಲ್ಲಿ ಕೂತರೆ ಇನ್ನೂ ಜೋರಾಗಿ.

ಆವತ್ತು ನೀವು ಬಂದು ಪಕ್ಕದಲ್ಲಿ ಕೂತಾಗ ಮೂರು ಗಂಟೆ. ಅಜ್ಜಿ ನಿಮ್ಮ ಕೈ ಹಿಡಿದುಕೊಂಡಿದ್ದಳು. ನೋಡುತ್ತಿದ್ದದ್ದು ನಿಮ್ಮನ್ನಲ್ಲ, ಅಪ್ಪನನ್ನೂ ಅಲ್ಲ. ಟೀವಿಯನ್ನು.

ರಿಮೋಟ್ ನನ್ನ ಚೂಡಿದಾರದ ಜೇಬಿನಲ್ಲಿತ್ತು. ನೀವೆಲ್ಲ ಅಳುತ್ತಿದ್ದಿರಿ. ಈಗ ಹಾಕಿದರೆ ಒದೆ ಬೀಳುತ್ತದೆ ಅಂತ ಸುಮ್ಮನಿದ್ದೆ. ಎರಡು ಸಲ ಕೇಳಿದಳು, ಅತ್ತೆ. ನಾನು ಒತ್ತಲಿಲ್ಲ.

ಯಶು